ಸಿಎಗಳ ಪಾಠಕ್ಕೆ ಡಿಸೆಂಬರ್ ಗಡುವು ಏಕೆ?

ಡಿಸೆಂಬರ್ 31ರ ನಡುರಾತ್ರಿಗೆ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರ ಮೂರು ಗಡುವುಗಳು ಒಟ್ಟಿಗೆ ತೀರುತ್ತವೆ. ಹಿಂದಿನ ಹಣಕಾಸು ವರ್ಷದ ಜಿಎಸ್‌ಟಿ ವಾರ್ಷಿಕ ರಿಟರ್ನ್‌ಗೆ, ಅಂದರೆ ಜಿಎಸ್‌ಟಿಆರ್-9 ಮತ್ತು 9ಸಿಗೆ, ಅದೇ ಕೊನೆಯ ದಿನ. ಸಕಾಲಕ್ಕೆ ಆದಾಯ ತೆರಿಗೆ ರಿಟರ್ನ್ ಹಾಕದವರು ದಂಡ ತೆತ್ತು ತಡವಾಗಿ ಹಾಕುವುದಕ್ಕೂ ಅದೇ ಕೊನೆಯ ದಿನ. ಇವೆರಡೂ ಕ್ಲೈಂಟುಗಳ ಕೆಲಸ. ಮೂರನೆಯದು ಸಿಎ ಅವರ ಸ್ವಂತದ್ದು. ಆ ವರ್ಷದಲ್ಲಿ ಎಷ್ಟು ಗಂಟೆ ಪಾಠ ಕೇಳಿದಿರಿ, ಏನೇನು ಓದಿಕೊಂಡಿರಿ ಎಂಬ ಲೆಕ್ಕ ಅಷ್ಟರೊಳಗೆ ಭರ್ತಿಯಾಗಿರಬೇಕು. ನಿರಂತರ ವೃತ್ತಿಶಿಕ್ಷಣ ಎಂಬುದು ಅದರ ಕಾಗದದ ಹೆಸರು. ಆಡಿಟರ್ ಕಚೇರಿಗಳಲ್ಲಿ ಎಲ್ಲರೂ ಅನ್ನುವುದು ‘ಸಿಪಿಇ ಅವರ್ಸ್’ ಎಂದೇ.

ಫೋನು ಕೆಳಗಿಡಲು ಬಿಡದ ಆ ವಾರದಲ್ಲಿ ಮೂರರ ಪೈಕಿ ಯಾವುದು ಹಿಂದೆ ಬೀಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಕ್ಲೈಂಟ್‌ನ ರಿಟರ್ನ್ ತಡವಾದರೆ ದಂಡ ಬೀಳುತ್ತದೆ, ಬೈಗುಳ ಬರುತ್ತದೆ, ಮುಂದಿನ ವರ್ಷ ಫೈಲು ಬೇರೆಯವರ ಕಚೇರಿಗೆ ಹೋಗುತ್ತದೆ. ಪಾಠ ತಪ್ಪಿದರೆ ಆ ಕ್ಷಣಕ್ಕೆ ಯಾರೂ ಕೇಳುವುದಿಲ್ಲ. ಹಾಗಾಗಿ ಪಾಠ ಹಿಂದುಳಿಯುತ್ತದೆ, ಎಲ್ಲರ ಕಣ್ಣು ದೆಹಲಿಯ ಕಡೆ ತಿರುಗುತ್ತದೆ. ಡೇಟ್ ಎಕ್ಸ್‌ಟೆಂಡ್ ಆಯಿತಾ ಎಂಬ ಒಂದೇ ಪ್ರಶ್ನೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ.

ಗಡುವಿನ ವಿಸ್ತರಣೆ ಒಂದು ವೃತ್ತಿಯವರ ಒಳಮನೆಯ ವಿಷಯದಂತೆ ಕಾಣಬಹುದು. ಆದರೆ ಊರಿನ ಕಿರಾಣಿ ಅಂಗಡಿಯಿಂದ ಹಿಡಿದು ಪತ್ತಿನ ಸಹಕಾರ ಸಂಘದ ತನಕ ಲೆಕ್ಕಕ್ಕೆ ಸಹಿ ಹಾಕುವವರು ಇವರೇ. ಅವರು ಕಾನೂನಿನ ಯಾವ ವರ್ಷದ ಆವೃತ್ತಿಯನ್ನು ತಲೆಯಲ್ಲಿಟ್ಟುಕೊಂಡು ಸಹಿ ಹಾಕುತ್ತಾರೆ ಎಂಬುದು ಆ ಅಂಗಡಿಯವರಿಗೂ ಸಂಘದ ಷೇರುದಾರರಿಗೂ ಸಂಬಂಧಪಟ್ಟದ್ದು.

ಐಸಿಎಐ, ಅಂದರೆ ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ, 1949ರ ಕಾಯ್ದೆಯಿಂದ ಹುಟ್ಟಿದ್ದು. ಸದಸ್ಯರ ಸಂಖ್ಯೆ 4 ಲಕ್ಷ ದಾಟಿದೆ. ಸ್ವಂತ ಪ್ರ್ಯಾಕ್ಟೀಸ್ ಮಾಡಬೇಕಾದರೆ ಸಂಸ್ಥೆಯಿಂದ ಪಡೆಯಬೇಕಾದ ಪ್ರಮಾಣಪತ್ರಕ್ಕೆ ಸಿಒಪಿ ಎನ್ನುತ್ತಾರೆ. ಸಿಪಿಇ ಲೆಕ್ಕ ಮೂರು ವರ್ಷದ ಬ್ಲಾಕ್‌ಗಳಲ್ಲಿ ನಡೆಯುತ್ತದೆ. 2023ರಿಂದ 2025ರವರೆಗಿನ ಬ್ಲಾಕ್‌ನಲ್ಲಿ ಸಿಒಪಿ ಇರುವ, 60 ವರ್ಷದೊಳಗಿನ ಸದಸ್ಯರು ಒಟ್ಟು 120 ಗಂಟೆ ಕಲಿಯಬೇಕಿತ್ತು. ಅದರಲ್ಲಿ 60 ಗಂಟೆ ‘ಸ್ಟ್ರಕ್ಚರ್ಡ್’, ಮತ್ತು ಪ್ರತಿ ವರ್ಷ ಕನಿಷ್ಠ 20 ಗಂಟೆ ಸ್ಟ್ರಕ್ಚರ್ಡ್. 60 ದಾಟಿದವರಿಗೆ, ಸಿಒಪಿ ಇಲ್ಲದೆ ಕಂಪನಿಗಳಲ್ಲಿ ಉದ್ಯೋಗದಲ್ಲಿ ಇರುವವರಿಗೆ ಹೊರೆ ಕಡಿಮೆ.

ಸ್ಟ್ರಕ್ಚರ್ಡ್ ಎಂದರೆ ಸಂಸ್ಥೆ ಒಪ್ಪಿದ ಸೆಮಿನಾರು, ಸಮ್ಮೇಳನ, ಸರ್ಟಿಫಿಕೇಟ್ ಕೋರ್ಸು, ಸ್ಟಡಿ ಸರ್ಕಲ್ ಸಭೆ. ಅಲ್ಲಿ ಹಾಜರಿ ಇರುತ್ತದೆ, ಕುಳಿತ ಗಂಟೆ ಪೋರ್ಟಲ್‌ನಲ್ಲಿ ಸದಸ್ಯರ ಖಾತೆಗೆ ಸೇರುತ್ತದೆ. ಅನ್‌ಸ್ಟ್ರಕ್ಚರ್ಡ್ ಎಂದರೆ ತಾವೇ ಓದುವುದು, ಬರೆಯುವುದು, ಸಹೋದ್ಯೋಗಿಗಳೊಂದಿಗೆ ಚರ್ಚಿಸುವುದು; ಇದನ್ನು ಸದಸ್ಯರೇ ಘೋಷಿಸಿಕೊಳ್ಳಬೇಕು. ಈ 120, 60, 20ರ ಗಣಿತ ಭಾರತದ್ದಷ್ಟೇ ಅಲ್ಲ. ಲೆಕ್ಕಿಗರ ಸಂಸ್ಥೆಗಳ ಜಾಗತಿಕ ಒಕ್ಕೂಟವಾದ ಐಎಫ್‌ಎಸಿ 1977ರಲ್ಲಿ ಮ್ಯೂನಿಕ್‌ನಲ್ಲಿ ಸ್ಥಾಪನೆಯಾಯಿತು. ಅದರ ಏಳನೆಯ ಶಿಕ್ಷಣ ಮಾನದಂಡದಲ್ಲಿ ಬರುವ ಅಳತೆಯೂ ಇದೇ: ಮೂರು ವರ್ಷಕ್ಕೆ 120 ಗಂಟೆ, ಅದರಲ್ಲಿ 60 ದಾಖಲೆಯಿಂದ ತೋರಿಸಬಹುದಾದದ್ದು, ವರ್ಷಕ್ಕೆ 20ಕ್ಕೆ ಕಡಿಮೆ ಇಲ್ಲ. ಆ ವರ್ಷ ಡಿಸೆಂಬರ್‌ನಲ್ಲೇ ಮುಗಿಯಬೇಕು ಎಂದು ಅದು ಹೇಳಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಗಂಟೆಗಳ ಲೆಕ್ಕ ಬದಿಗಿರಲಿ. ಕಲಿಯುವುದು ತಡವಾದರೆ ಏನಾಗುತ್ತದೆ ಎಂಬುದಕ್ಕೆ ಇತ್ತೀಚಿನ ಒಂದು ಕಲಮನ್ನೇ ನೋಡಬಹುದು. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಯ 43ಬಿ ಕಲಮಿಗೆ ‘ಎಚ್’ ಎಂಬ ಉಪಕಲಮು ಸೇರಿಸಿತು. ಅತಿಸಣ್ಣ, ಸಣ್ಣ ಉದ್ದಿಮೆಗಳಿಂದ ಮಾಲು ಅಥವಾ ಸೇವೆ ಪಡೆದವರು, ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಆ ಅವಧಿ ಮೀರಿಯೂ ವರ್ಷಾಂತ್ಯಕ್ಕೆ ಬಾಕಿ ಉಳಿದರೆ ಆ ಖರ್ಚನ್ನು ಆ ವರ್ಷದ ಆದಾಯದಿಂದ ಕಳೆಯುವಂತಿಲ್ಲ. ಹಣ ಕೊಟ್ಟ ವರ್ಷದಲ್ಲಿ ಮಾತ್ರ ಕಳೆಯಬಹುದು. 2024ರ ಮಾರ್ಚ್ 31ಕ್ಕೆ ಮುಗಿದ ಹಣಕಾಸು ವರ್ಷ ಈ ನಿಯಮದ ಮೊದಲ ವರ್ಷ.

ಚಿಕ್ಕಪೇಟೆಯ ಸೀರೆ ವ್ಯಾಪಾರದ ಒಂದು ಪಾಲುದಾರಿಕೆ ಸಂಸ್ಥೆ ದೊಡ್ಡಬಳ್ಳಾಪುರದ ಮಗ್ಗದ ಮಾಲೀಕರಿಗೆ 10 ಲಕ್ಷ ರೂಪಾಯಿ ಬಾಕಿ ಇಟ್ಟುಕೊಂಡಿದೆ ಎಂದಿಟ್ಟುಕೊಳ್ಳಿ. ನಾಲ್ಕು ತಿಂಗಳ ಉದ್ರಿ ಜವಳಿ ಪೇಟೆಯಲ್ಲಿ ಹೊಸದೇನಲ್ಲ. ಮಗ್ಗದವರು ನೋಂದಾಯಿತ ಅತಿಸಣ್ಣ ಉದ್ದಿಮೆ. ಮಾರ್ಚ್ 31ರ ರಾತ್ರಿ ಆ 10 ಲಕ್ಷ ಅಂಗಡಿಯವರ ಆದಾಯಕ್ಕೆ ಸೇರುತ್ತದೆ. ಪಾಲುದಾರಿಕೆ ಸಂಸ್ಥೆಗೆ ತೆರಿಗೆ ದರ ಶೇ 30. ಸೆಸ್ ಬಿಟ್ಟು 3 ಲಕ್ಷ ರೂಪಾಯಿ ತೆರಿಗೆ. ಅದೇ ಮಾಲನ್ನು ತಯಾರಕರ ಬದಲು ವರ್ತಕರೊಬ್ಬರಿಂದ ಕೊಂಡಿದ್ದರೆ ಈ ನಿಯಮ ತಾಗುತ್ತಿರಲಿಲ್ಲ, ಏಕೆಂದರೆ ಈ ರಕ್ಷಣೆ ತಯಾರಿಕೆ ಮತ್ತು ಸೇವೆಯ ಉದ್ದಿಮೆಗಳಿಗೆ, ಬರೀ ವ್ಯಾಪಾರಕ್ಕಲ್ಲ. ಇಂಥ ಸೂಕ್ಷ್ಮವನ್ನು ಅಂಗಡಿಯವರು ತಾವೇ ಓದಿ ತಿಳಿಯಲಾರರು. ಆಡಿಟರ್ ಹೇಳಬೇಕು, ಮತ್ತು ಮಾರ್ಚ್ 31ಕ್ಕೆ ಮುಂಚೆ ಹೇಳಬೇಕು. ಜನವರಿಯಲ್ಲಿ ಹೇಳಿದರೆ ಅಂಗಡಿಯವರು ಯಾರ ಬಾಕಿ ಮೊದಲು ತೀರಿಸಬೇಕೆಂದು ಪಟ್ಟಿ ಮಾಡುತ್ತಾರೆ. ಸೆಪ್ಟೆಂಬರ್‌ನ ಟ್ಯಾಕ್ಸ್ ಆಡಿಟ್ ಹೊತ್ತಿಗೆ ಹೇಳಿದರೆ ಚಲನ್ ಕಟ್ಟುವುದಷ್ಟೇ ಉಳಿದಿರುತ್ತದೆ.

ಈ ಕಲಮಿನ ಬಗ್ಗೆ ಎರಡು ಗಂಟೆಯ ಉಪನ್ಯಾಸ ಡಿಸೆಂಬರ್‌ನಲ್ಲಿ ಕೇಳಿದವರಿಗೂ ಎರಡು ಗಂಟೆ, ಏಪ್ರಿಲ್‌ನಲ್ಲಿ ಕೇಳಿದವರಿಗೂ ಎರಡು ಗಂಟೆ. ಪೋರ್ಟಲ್‌ಗೆ ಎರಡೂ ಒಂದೇ. ಚಿಕ್ಕಪೇಟೆಗೆ ಒಂದೇ ಅಲ್ಲ. ಹಾಗಾಗಿ ಸಿಪಿಇ ಗಡುವು ಮುಂದೂಡುವುದರ ಬಗ್ಗೆ ಮಾತಾಡುವಾಗ ನಾನು ಮೊದಲು ನೋಡುವುದು ಗಂಟೆಗಳ ಸಂಖ್ಯೆಯನ್ನಲ್ಲ. ವರ್ಷದ ಯಾವ ತಿಂಗಳಲ್ಲಿ ಆ ಗಂಟೆ ಬೀಳುತ್ತದೆ ಎಂಬುದನ್ನು.

ಇನ್ನು ಸಿಎಗಳ ವರ್ಷ ಹೇಗಿರುತ್ತದೆ ನೋಡಿ. ಪ್ರತಿ ತಿಂಗಳು 7ಕ್ಕೆ ಟಿಡಿಎಸ್ ಕಟ್ಟುವುದು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಇದು ಹನ್ನೆರಡು ತಿಂಗಳೂ ತಪ್ಪದ ನಡೆ. ಏಪ್ರಿಲ್ ಬಂತೆಂದರೆ ಬ್ಯಾಂಕ್ ಶಾಖೆಗಳ ಆಡಿಟ್. ಜುಲೈನಲ್ಲಿ ಸಂಬಳದಾರರ ರಿಟರ್ನ್‌ಗಳು. ಆಗಸ್ಟ್, ಸೆಪ್ಟೆಂಬರ್ ಸಹಕಾರ ಸಂಘಗಳ ಮಹಾಸಭೆ ಕಾಲ. ಸೆಪ್ಟೆಂಬರ್ 30ಕ್ಕೆ ಟ್ಯಾಕ್ಸ್ ಆಡಿಟ್ ವರದಿ, ಅದೇ ದಿನದೊಳಗೆ ಕಂಪನಿಗಳ ವಾರ್ಷಿಕ ಸಭೆ. ಸಭೆಯಾದ 30 ದಿನದೊಳಗೆ ಎಒಸಿ-4 ಫಾರ್ಮ್, 60 ದಿನದೊಳಗೆ ಎಂಜಿಟಿ-7 ಫಾರ್ಮ್. ಅಕ್ಟೋಬರ್ 31ಕ್ಕೆ ಆಡಿಟ್ ಆದವರ ರಿಟರ್ನ್. ನವೆಂಬರ್ 30ರೊಳಗೆ ಹಿಂದಿನ ವರ್ಷದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಪಡೆಯದಿದ್ದರೆ ಅದು ಕೈತಪ್ಪಿದಂತೆ. ಆಮೇಲೆ ಡಿಸೆಂಬರ್. ದೊಡ್ಡ ಸಂಸ್ಥೆಗಳಲ್ಲಿ ಪ್ರತಿ ಕೆಲಸಕ್ಕೆ ಒಂದೊಂದು ತಂಡ ಇರುತ್ತದೆ. ಸಕಲೇಶಪುರದಲ್ಲೋ ಚಳ್ಳಕೆರೆಯಲ್ಲೋ ಒಬ್ಬರೇ ಕಚೇರಿ ನಡೆಸುವ ಸಿಎಗೆ ಇಬ್ಬರು ಆರ್ಟಿಕಲ್ಸ್ ಹುಡುಗರು, ಒಬ್ಬ ಅಕೌಂಟೆಂಟ್ ಇದ್ದರೆ ಹೆಚ್ಚು.

ಕೋವಿಡ್ ಬರುವ ತನಕ ಅಂಥವರಿಗೆ ಸೆಮಿನಾರ್ ಎಂದರೆ ಪ್ರಯಾಣ. ಹತ್ತಿರದಲ್ಲಿ ಚುರುಕಾದ ಸ್ಟಡಿ ಸರ್ಕಲ್ ಇದ್ದರೆ ಬಚಾವು, ಇಲ್ಲದಿದ್ದರೆ ಶಿರಾಡಿ ಘಾಟಿ ಇಳಿದು ಮಂಗಳೂರಿಗೋ, ಬಸ್ಸು ಹಿಡಿದು ಬೆಂಗಳೂರಿನ ಮಿಲ್ಲರ್ಸ್ ಟ್ಯಾಂಕ್ ಬೆಡ್‌ನಲ್ಲಿರುವ ಐಸಿಎಐ ಭವನಕ್ಕೋ ಹೋಗಬೇಕು. ಕಚೇರಿಗೆ ಒಂದು ದಿನ ಬೀಗ, ಮೇಲೆ ಊಟ-ವಸತಿಯ ಖರ್ಚು. 2020ರ ಮಾರ್ಚ್‌ನಲ್ಲಿ ಸಭಾಂಗಣಗಳೆಲ್ಲ ಮುಚ್ಚಿದ ಮೇಲೆ ಸಂಸ್ಥೆ ಆನ್‌ಲೈನ್ ಸಭೆಗಳನ್ನು ಶುರುಮಾಡಿತು, ಅದಕ್ಕೂ ಸ್ಟ್ರಕ್ಚರ್ಡ್ ಗಂಟೆ ಕೊಟ್ಟಿತು. ಒಮ್ಮೆಲೇ ದೆಹಲಿ, ಮುಂಬೈನ ಉಪನ್ಯಾಸಕರು ಕೊಪ್ಪಳದ ಮನೆಯ ಮೊಬೈಲಿನಲ್ಲಿ ಸಿಕ್ಕರು. ಸಣ್ಣ ಊರಿನ ಸಿಎಗಳಿಗೆ ಆ ಕಷ್ಟಕಾಲ ತಂದುಕೊಟ್ಟ ದೊಡ್ಡ ಅನುಕೂಲ ಇದು.

ಆ ಎರಡು ವರ್ಷಗಳಲ್ಲಿ ಗಡುವುಗಳೆಲ್ಲ ಜಾಗ ಬಿಟ್ಟು ಸರಿದವು. ಸುಪ್ರೀಂ ಕೋರ್ಟ್ ತಾನೇ ಮುಂದಾಗಿ 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಅವಧಿಯನ್ನು ಮೊಕದ್ದಮೆಗಳ ಕಾಲಮಿತಿಯಿಂದ ಹೊರಗಿಟ್ಟಿತು. 2019-20ರ ಟ್ಯಾಕ್ಸ್ ಆಡಿಟ್ ವರದಿಯ ದಿನಾಂಕ 2021ರ ಜನವರಿ 15ಕ್ಕೆ ಹೋಯಿತು. ಮರುವರ್ಷದ್ದು 2022ರ ಫೆಬ್ರುವರಿ 15ಕ್ಕೆ ಹೋಯಿತು. 2021ರ ಜೂನ್ 7ರಂದು ಶುರುವಾದ, ಬೆಂಗಳೂರಿನ ಇನ್ಫೋಸಿಸ್ ರೂಪಿಸಿದ ಹೊಸ ಇ-ಫೈಲಿಂಗ್ ಪೋರ್ಟಲ್ ಆರಂಭದ ತಿಂಗಳುಗಳಲ್ಲಿ ಪದೇಪದೇ ಕೈಕೊಟ್ಟದ್ದರಿಂದ ಆ ವರ್ಷ ಆಡಿಟ್ ಬೇಡದವರ ರಿಟರ್ನ್ ದಿನಾಂಕವೂ ಜುಲೈನಿಂದ ಜಾರಿ ಜಾರಿ ಡಿಸೆಂಬರ್ 31ಕ್ಕೆ ಬಂದು ನಿಂತಿತು. ಆ ಒಂದೇ ದಿನ ದೇಶದಲ್ಲಿ ಸಲ್ಲಿಕೆಯಾದ ರಿಟರ್ನ್‌ಗಳು 46 ಲಕ್ಷಕ್ಕೂ ಹೆಚ್ಚು. ಸಿಪಿಇ ವರ್ಷ ಮುಗಿಯುವುದೂ ಅಂದೇ. ಅಂಥ ದಿನ ಪಾಠದ ಗಂಟೆ ತುಂಬಿಸಿ ಎಂದು ಯಾರನ್ನೂ ಕೇಳುವಂತಿರಲಿಲ್ಲ. ಕೋವಿಡ್ ಕಾಲದಲ್ಲಿ ಐಸಿಎಐ ಸಿಪಿಇ ಗಡುವನ್ನು ಮುಂದೂಡಿದ್ದು ಸರಿಯಾದ, ಮನುಷ್ಯತ್ವದ ತೀರ್ಮಾನ. ಮನೆಯಲ್ಲಿ ಕಾಯಿಲೆ ಬಿದ್ದವರು, ತೀರಿಕೊಂಡವರು ಇದ್ದ ಆ ದಿನಗಳಲ್ಲಿ ಬೇರೆ ಯಾವ ತೀರ್ಮಾನವೂ ಒಪ್ಪುವಂಥದ್ದಾಗಿರಲಿಲ್ಲ.

ಕಷ್ಟ ಶುರುವಾಗುವುದು ವಿಸ್ತರಣೆ ಅಭ್ಯಾಸವಾದಾಗ. ತೆರಿಗೆ ಗಡುವುಗಳಲ್ಲಿ ಇದನ್ನು ಎಲ್ಲರೂ ಕಂಡಿದ್ದಾರೆ. 2025ರಲ್ಲಿ ಆಡಿಟ್ ಬೇಡದವರ ರಿಟರ್ನ್ ದಿನಾಂಕ ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಹೋಗಿತ್ತು. ಆ 15ರ ರಾತ್ರಿ ಹನ್ನೆರಡರ ಹೊತ್ತಿಗೆ ಇನ್ನೊಂದು ದಿನ ಸೇರಿಸಿದ ಪ್ರಕಟಣೆ ಬಂತು. ಅಷ್ಟರಲ್ಲಿ ಟ್ಯಾಕ್ಸ್ ಆಡಿಟ್‌ಗೆ ಎರಡು ವಾರ ಉಳಿದಿತ್ತು. ರಾಜಸ್ಥಾನ ಹೈಕೋರ್ಟ್‌ನಲ್ಲೂ ಕರ್ನಾಟಕ ಹೈಕೋರ್ಟ್‌ನಲ್ಲೂ ವೃತ್ತಿಯವರು ರಿಟ್ ಹಾಕಿದರು. ನ್ಯಾಯಾಲಯಗಳು ಅಕ್ಟೋಬರ್ 31ರವರೆಗೆ ಸಮಯ ಕೊಡುವಂತೆ ಹೇಳಿದವು. ನೇರ ತೆರಿಗೆ ಮಂಡಳಿ ಸೆಪ್ಟೆಂಬರ್ 25ರಂದು ಅದನ್ನು ಪ್ರಕಟಿಸಿತು. ಆಮೇಲೆ ಮತ್ತೊಮ್ಮೆ ಮುಂದೂಡಿ ವರದಿಗೆ ನವೆಂಬರ್ 10, ಆ ಸಾಲಿನ ರಿಟರ್ನ್‌ಗಳಿಗೆ ಡಿಸೆಂಬರ್ 10 ಎಂದಿತು. ಕೇಳಿದ್ದು ಸಿಕ್ಕಿತು, ನಿಜ. ಆದರೆ ಈ ಸರಿದಾಟದಲ್ಲಿ ಕೆಲಸವೆಲ್ಲ ಬಂದು ಬಿದ್ದದ್ದು ನವೆಂಬರ್, ಡಿಸೆಂಬರ್‌ಗಳ ಮೇಲೆ. 2025 ಆ ಸಿಪಿಇ ಬ್ಲಾಕ್‌ನ ಕೊನೆಯ ವರ್ಷ ಕೂಡ. ಒಂದು ಗಡುವು ಸರಿದರೆ ಅದು ಮತ್ತೊಂದರ ಜಾಗವನ್ನು ತಿನ್ನುತ್ತದೆ. ಪಾಠದ ಜಾಗವನ್ನು ಮೊದಲು ತಿನ್ನುತ್ತದೆ.

ವಿಸ್ತರಣೆ ಬರುತ್ತದೋ ಇಲ್ಲವೋ ತಿಳಿಯದೆ ಕಾಯುವುದೂ ಒಂದು ನಷ್ಟ. ಬಾರದು ಎಂದುಕೊಂಡವರು ಡಿಸೆಂಬರ್‌ನ ಕೊನೆಯ ವಾರ ಸಿಕ್ಕ ಸೆಮಿನಾರಿಗೆ ಹೆಸರು ಕೊಡುತ್ತಾರೆ. ವಿಷಯ ಏನಾದರೂ ಸರಿ, ಗಂಟೆ ಸಿಗಬೇಕು. ತಮ್ಮ ಕ್ಲೈಂಟುಗಳೆಲ್ಲ ಅಡಿಕೆ ಮಂಡಿಯವರಾದರೂ ಅಂತರರಾಷ್ಟ್ರೀಯ ತೆರಿಗೆಯ ಉಪನ್ಯಾಸಕ್ಕೆ ಕೂರುತ್ತಾರೆ. ಬರುತ್ತದೆ ಎಂದು ನಂಬಿದವರು ಜನವರಿಗೆ ಬಿಡುತ್ತಾರೆ. ಶಿಸ್ತಿನಿಂದ ಆಗಸ್ಟ್‌ನಲ್ಲೇ ಮುಗಿಸಿದವರಿಗೆ ತಮ್ಮ ಶಿಸ್ತಿಗೆ ಬೆಲೆ ಇಲ್ಲವೆನಿಸುತ್ತದೆ. ಆ ಮೂರನೆಯವರ ಬೇಸರವನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕು, ಏಕೆಂದರೆ ವೃತ್ತಿಯ ಮಾನ ಉಳಿಸುವವರು ಅವರು.

ಗಂಟೆ ತುಂಬಿಸುವುದೇ ಗುರಿಯಾದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಹೊರದೇಶಗಳ ದಾಖಲೆಗಳಿವೆ. 2022ರ ಜೂನ್‌ನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ, ಅರ್ನ್ಸ್ಟ್ ಆ್ಯಂಡ್ ಯಂಗ್ ಸಂಸ್ಥೆಗೆ 10 ಕೋಟಿ ಡಾಲರ್ ದಂಡ ಹಾಕಿತು. ಅದರ ಆಡಿಟ್ ಸಿಬ್ಬಂದಿಯಲ್ಲಿ ಅನೇಕರು ಅಲ್ಲಿನ ಲೆಕ್ಕಿಗರು ಪಡೆಯುವ ಸಿಪಿಎ ಪರವಾನಗಿಗೆ ಬೇಕಾದ ನೀತಿ ಪರೀಕ್ಷೆಯಲ್ಲಿ, ಪರವಾನಗಿ ಉಳಿಸಿಕೊಳ್ಳಲು ಬೇಕಾದ ಸಿಪಿಇ ಕೋರ್ಸುಗಳ ಪರೀಕ್ಷೆಯಲ್ಲಿ ನಕಲು ಮಾಡಿದ್ದರು. ಅದಕ್ಕೆ ಮೂರು ವರ್ಷ ಮೊದಲು ಕೆಪಿಎಂಜಿಗೆ 5 ಕೋಟಿ ಡಾಲರ್ ದಂಡ ಬಿದ್ದ ಪ್ರಕರಣದಲ್ಲೂ ತರಬೇತಿ ಪರೀಕ್ಷೆಯ ಉತ್ತರ ಹಂಚಿಕೊಂಡ ಆರೋಪ ಸೇರಿತ್ತು. 2024ರ ಏಪ್ರಿಲ್‌ನಲ್ಲಿ ಅದೇ ಸಂಸ್ಥೆಯ ನೆದರ್ಲೆಂಡ್ಸ್ ಶಾಖೆಗೆ ಇಂಥದೇ ತಪ್ಪಿಗೆ 2.5 ಕೋಟಿ ಡಾಲರ್ ದಂಡವಾಯಿತು. ನೀತಿಯ ಪಾಠದಲ್ಲೇ ನಕಲು. ಇವರು ಸಾವಿರಾರು ಕೋಟಿಯ ಕಂಪನಿಗಳ ಲೆಕ್ಕ ನಂಬಬಹುದೇ ಎಂದು ಜಗತ್ತಿಗೆ ಹೇಳಬೇಕಾದವರು. ಕೆಲಸದ ಒತ್ತಡ ಎಷ್ಟೇ ಇರಲಿ, ಅದು ಇದಕ್ಕೆ ಕ್ಷಮೆಯಾಗದು.

ಹಾಗಾದರೆ ಗಂಟೆಯ ಲೆಕ್ಕವನ್ನೇ ಕೈಬಿಟ್ಟರೆ? ಇಂಗ್ಲೆಂಡ್‌ನ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ ಐಸಿಎಇಡಬ್ಲ್ಯು ಬಹುಕಾಲ ಇದನ್ನು ಮಾಡಿ ನೋಡಿತು. ನಿಮ್ಮ ಕೆಲಸಕ್ಕೆ ಏನು ಬೇಕೋ ನೀವೇ ಯೋಚಿಸಿ, ಕಲಿಯಿರಿ, ದಾಖಲಿಸಿರಿ ಎಂದಿತ್ತು. 2023ರ ನವೆಂಬರ್ 1ರಿಂದ ಅಲ್ಲಿ ಕನಿಷ್ಠ ಗಂಟೆಗಳು ಮತ್ತೆ ಬಂದವು, ಜೊತೆಗೆ ನೀತಿಯ ತರಬೇತಿ ಕಡ್ಡಾಯವಾಯಿತು. ಸಾರ್ವಜನಿಕರಿಗೆ ತೋರಿಸಲು ಒಂದು ಅಳತೆ ಬೇಕೇ ಬೇಕು ಎಂಬ ತೀರ್ಮಾನ ಅದು. ನನಗೂ ಅದು ಸರಿ ಕಾಣುತ್ತದೆ. ಅವರ ಪಾಠದ ವರ್ಷ ನವೆಂಬರ್ 1ಕ್ಕೆ ಶುರುವಾಗಿ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ ಎಂಬುದನ್ನೂ ಗಮನಿಸಬೇಕು. ಬ್ರಿಟನ್‌ನಲ್ಲಿ ವ್ಯಕ್ತಿಗಳ ಆನ್‌ಲೈನ್ ತೆರಿಗೆ ರಿಟರ್ನ್‌ಗೆ ಕೊನೆಯ ದಿನ ಜನವರಿ 31. ಕೆಲಸದ ನೂಕುನುಗ್ಗಲಿಗೆ ಮುಂಚೆಯೇ ಪಾಠದ ವರ್ಷ ಮುಗಿದಿರುತ್ತದೆ.

ಅಮೆರಿಕದಲ್ಲಿ ಸಿಪಿಎ ಪರವಾನಗಿ ಕೊಡುವುದು ಆಯಾ ರಾಜ್ಯದ ಮಂಡಳಿ, ನಿಯಮಗಳೂ ರಾಜ್ಯಕ್ಕೊಂದು. ಅಲ್ಲಿ 50 ನಿಮಿಷ ಕಲಿತರೆ ಒಂದು ಕ್ರೆಡಿಟ್. ನ್ಯೂಯಾರ್ಕ್‌ನಲ್ಲಿ ವರ್ಷಕ್ಕೆ 40 ಗಂಟೆ, ಅಥವಾ ಒಂದೇ ವಿಷಯದಲ್ಲಿ ಆಳವಾಗಿ ಕಲಿತರೆ 24 ಗಂಟೆ ಸಾಕು. ಆಳಕ್ಕೆ ಬೆಲೆ ಕೊಡುವ ಈ ರಿಯಾಯಿತಿ ನಮ್ಮಲ್ಲೂ ಯೋಚಿಸುವಂಥದ್ದು. ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಸ್‌ಗಳಲ್ಲಿ ಪರವಾನಗಿಯ ಅವಧಿ ಅವರವರು ಹುಟ್ಟಿದ ತಿಂಗಳ ಕೊನೆಯ ದಿನ ಮುಗಿಯುತ್ತದೆ. ಮೇ ತಿಂಗಳಲ್ಲಿ ಹುಟ್ಟಿದವರಿಗೆ ಮೇ 31, ಆಗಸ್ಟ್‌ನವರಿಗೆ ಆಗಸ್ಟ್ 31. ಇಡೀ ರಾಜ್ಯದ ಲೆಕ್ಕಿಗರು ಒಂದೇ ರಾತ್ರಿ ಒಂದೇ ಪೋರ್ಟಲ್‌ಗೆ ನುಗ್ಗುವ ಪ್ರಶ್ನೆಯೇ ಇಲ್ಲ. 2020ರಲ್ಲಿ ಅಮೆರಿಕ ತೆರಿಗೆ ಸಲ್ಲಿಕೆಯನ್ನು ಏಪ್ರಿಲ್ 15ರಿಂದ ಜುಲೈ 15ಕ್ಕೆ ಸರಿಸಿದಾಗ ಹಲವು ರಾಜ್ಯ ಮಂಡಳಿಗಳು ಸಿಪಿಇ ಗಡುವನ್ನೂ ಸರಿಸಿದವು. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಕುಳಿತು ಅಮೆರಿಕದ ತೆರಿಗೆ ಕೆಲಸ ಮಾಡುವ ಕನ್ನಡಿಗ ಸಿಎಗಳಲ್ಲಿ ಸಿಪಿಎ ಪರವಾನಗಿಯನ್ನೂ ಪಡೆದವರಿದ್ದಾರೆ. ಅವರು ಎರಡು ದೇಶದ ಗಂಟೆಗಳನ್ನು, ಎರಡು ಬಗೆಯ ಗಡುವುಗಳನ್ನು ನಿಭಾಯಿಸಬೇಕು.

ನಮ್ಮ ಸಿಪಿಇ ವರ್ಷವನ್ನು ಜೂನ್ 30ಕ್ಕೆ ಮುಗಿಸಿದರೆ ಹೇಗೆ? ಫೆಬ್ರುವರಿ 1ರಂದು ಬಜೆಟ್, ಮಾರ್ಚ್ ಕೊನೆಯೊಳಗೆ ಹಣಕಾಸು ಕಾಯ್ದೆ, ಏಪ್ರಿಲ್ 1ರಿಂದ ಹೊಸ ನಿಯಮಗಳ ಜಾರಿ. ಹೊಸದನ್ನು ಕಲಿಯಲು ಸಹಜವಾದ ಕಾಲ ಮೇ ಮತ್ತು ಜೂನ್. ಬ್ಯಾಂಕ್ ಆಡಿಟ್ ಮುಗಿದಿರುತ್ತದೆ, ಜುಲೈ ರಿಟರ್ನ್‌ಗಳ ನೂಕು ಇನ್ನೂ ಶುರುವಾಗಿರುವುದಿಲ್ಲ. ಆಗ ಕಲಿತದ್ದು ಅಂಗಡಿಯವರಿಗೆ ವರ್ಷ ಮುಗಿಯಲು ಒಂಬತ್ತು ತಿಂಗಳು ಇರುವಾಗ ತಲುಪುತ್ತದೆ. ಜುಲೈ 1 ಸಂಸ್ಥೆ ಹುಟ್ಟಿದ ದಿನ, ಸಿಎ ದಿನ. ಊರೂರಿನ ಶಾಖೆಗಳು ಆ ವಾರ ಹೇಗೂ ಸಭೆ ಸಮಾರಂಭ ನಡೆಸುತ್ತವೆ. ಜೂನ್‌ನಲ್ಲೂ ಕೊನೆಯ ವಾರಕ್ಕೆ ಬಿಡುವವರು ಇದ್ದೇ ಇರುತ್ತಾರೆ. ಆದರೆ ಅವರ ಕೊನೆಯ ವಾರದ ಮೇಲೆ ಜಿಎಸ್‌ಟಿಆರ್-9 ಬಂದು ಕೂತಿರುವುದಿಲ್ಲ. ಜೂನ್ ಬೇಡವೆಂದರೆ ಹುಟ್ಟಿದ ತಿಂಗಳ ಪದ್ಧತಿಯನ್ನಾದರೂ ಪರಿಶೀಲಿಸಬಹುದು. 4 ಲಕ್ಷ ಸದಸ್ಯರ ಗಡುವು ಹನ್ನೆರಡು ಪಾಲಾದರೆ ಶಾಖೆಗಳಿಗೂ ವರ್ಷವಿಡೀ ಕೇಳುಗರು ಸಿಗುತ್ತಾರೆ.

ಇದಕ್ಕೆ ಒಂದು ಆಕ್ಷೇಪ ಬರುವುದು ಖಂಡಿತ. ಸೆಮಿನಾರು ವರ್ಷಪೂರ್ತಿ ಇರುತ್ತದೆ, ಆನ್‌ಲೈನ್ ಪಾಠ ರಾತ್ರಿಯೂ ಸಿಗುತ್ತದೆ, ವರ್ಷಕ್ಕೆ 20 ಗಂಟೆ ಎಂದರೆ ತಿಂಗಳಿಗೆ ಎರಡು ಗಂಟೆಯೂ ಆಗುವುದಿಲ್ಲ, ಇದಕ್ಕೂ ಪುರಸೊತ್ತಿಲ್ಲ ಎನ್ನುವವರಿಗೆ ದಿನಾಂಕ ಬದಲಿಸಿ ಏನು ಪ್ರಯೋಜನ ಎಂದು ಹಿರಿಯರು ಕೇಳುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. ವರ್ಷಕ್ಕೆ 20 ಗಂಟೆಯನ್ನು ಯಾವ ವೃತ್ತಿಯವರೂ ಭಾರ ಎನ್ನಬಾರದು. ಸಂಸ್ಥೆಯ ಮಾರ್ಗಸೂಚಿ ಮೀರಿದರೆ 1949ರ ಕಾಯ್ದೆಯ ಎರಡನೆಯ ಅನುಸೂಚಿಯ ಪ್ರಕಾರ ಅದು ವೃತ್ತಿ ದುರ್ನಡತೆ. ಸಡಿಲಕ್ಕೂ ಮಿತಿ ಇದೆ. ಆದರೂ ದಿನಾಂಕವನ್ನು ಸರಿಯಾದ ಜಾಗದಲ್ಲಿ ಇಡುವುದು ಸೋಮಾರಿಗಳಿಗೆ ಮಾಡುವ ಉಪಕಾರವಲ್ಲ. ಶ್ರದ್ಧೆಯಿಂದ ಕಲಿಯಬೇಕೆನ್ನುವವರಿಗೆ ಕಲಿತದ್ದು ಉಪಯೋಗಕ್ಕೆ ಬರುವ ಹೊತ್ತಿನಲ್ಲಿ ಪಾಠ ಸಿಗಬೇಕು ಎಂಬುದೇ ಇಲ್ಲಿನ ವಾದ. ಅದರ ಅಗತ್ಯ ಈಗ ಹೆಚ್ಚು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ ಬಂದಿರುವ 2025ರ ಕಾಯ್ದೆಗೆ 2026ರ ಏಪ್ರಿಲ್ 1 ಜಾರಿಯ ದಿನ. 536 ಸೆಕ್ಷನ್, ಎಲ್ಲಕ್ಕೂ ಹೊಸ ಸಂಖ್ಯೆ. ಹಿಂದಿನ ವರ್ಷ, ನಿರ್ಧರಣಾ ವರ್ಷ ಎಂಬ ಜೋಡಿ ಹೋಗಿ ‘ತೆರಿಗೆ ವರ್ಷ’ ಒಂದೇ ಉಳಿಯುತ್ತದೆ. ವರ್ಷಗಟ್ಟಲೆ 80ಸಿ, 43ಬಿ ಎಂದು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡವರೂ ಮೊದಲ ಪುಟದಿಂದ ಓದಬೇಕು.

ಎಲ್ಲರಿಗೂ ಒಟ್ಟಾಗಿ ಕೊಡುವ ವಿಸ್ತರಣೆಯನ್ನು ಪ್ರವಾಹ, ಸಾಂಕ್ರಾಮಿಕ, ಪೋರ್ಟಲ್ ನಿಂತುಹೋದ ದಿನಗಳಂಥ ಎಲ್ಲರ ಕಷ್ಟಕ್ಕೆ ಮೀಸಲಿಡಬೇಕು, ಮತ್ತು ಕೊಡುವುದಾದರೆ ಒಂದು ತಿಂಗಳ ಮೊದಲೇ ಹೇಳಬೇಕು. ಒಬ್ಬೊಬ್ಬರ ಕಷ್ಟಕ್ಕೆ ಬೇರೆ ದಾರಿ ಬೇಕು. ಈಗಲೂ ದೀರ್ಘ ಕಾಯಿಲೆಯವರಿಗೆ, ಗರ್ಭಿಣಿಯಾದ ಸದಸ್ಯೆಗೆ ಒಂದು ವರ್ಷದ ಮಟ್ಟಿಗೆ ವಿನಾಯಿತಿ ಪಡೆಯುವ ಅವಕಾಶ ನಿಯಮದಲ್ಲಿದೆ. ಕೂಸಿಗೆ ಒಂದು ವರ್ಷ ತುಂಬಿದ ಮಾತ್ರಕ್ಕೆ ತಾಯಿಗೆ ಪುರಸೊತ್ತು ಸಿಕ್ಕಿತೆಂದಲ್ಲ. ಹಾಸಿಗೆ ಹಿಡಿದ ಅತ್ತೆಯನ್ನೋ ತಂದೆಯನ್ನೋ ನೋಡಿಕೊಳ್ಳುತ್ತ ಒಬ್ಬರೇ ಕಚೇರಿ ನಡೆಸುವವರ ಕಷ್ಟವೂ ಇಂಥದೇ. ಅವರು ಕೇಳುವುದು ಪೂರ್ತಿ ಮಾಫಿಯನ್ನಲ್ಲ, ನಾಲ್ಕಾರು ತಿಂಗಳನ್ನು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಶಾಖೆಯ ಮಟ್ಟದಲ್ಲೇ ವರ್ಷದ ಯಾವ ತಿಂಗಳಲ್ಲಾದರೂ ಅರ್ಜಿ ಹಾಕುವಂತಿರಬೇಕು, ಎರಡು ವಾರದಲ್ಲಿ ಉತ್ತರ ಬರಬೇಕು, ಉಳಿದ ಗಂಟೆಗಳನ್ನು ಯಾವ ದಿನಾಂಕದೊಳಗೆ ಮುಗಿಸಬೇಕೆಂದು ಆ ಉತ್ತರದಲ್ಲೇ ಬರೆದಿರಬೇಕು.